ಪಾರ್ಕಿನ್ಸನ್ ಇರುವ ತಂದೆಯವರಿಗೆ ಯಾವ ವ್ಯಾಯಾಮ ಸೂಕ್ತ?

ಪ್ರಶ್ನೆ:
ನನ್ನ ತಂದೆಯವರಿಗೆ ಈಗ 68 ವರ್ಷ. ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ತಿಳಿದು ಮೂರು ವರ್ಷವಾಯಿತು. ಲೆವೊಡೋಪಾ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳುತ್ತಾರೆ. ಕೈನಡುಕ ಅವರನ್ನು ಅಷ್ಟಾಗಿ ಕಾಡುತ್ತಿಲ್ಲ. ಆದರೆ ಹೆಜ್ಜೆ ದಿನೇ ದಿನೇ ಚಿಕ್ಕದಾಗುತ್ತಿದೆ, ನಡೆಯುವಾಗ ಬಲಗೈ ಬೀಸುವುದೇ ಇಲ್ಲ, ಬಾಗಿಲ ಬಳಿ ತಿರುಗಬೇಕಾದಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಾರೆ. ಕಳೆದ ತಿಂಗಳು ಹಾಗೆ ತಿರುಗುವಾಗಲೇ ಒಮ್ಮೆ ಬಿದ್ದರು; ಪುಣ್ಯಕ್ಕೆ ಪೆಟ್ಟಾಗಲಿಲ್ಲ. ವ್ಯಾಯಾಮ ಅಗತ್ಯವೆಂದು ವೈದ್ಯರು ಹೇಳಿದ್ದಾರೆ. ನಡಿಗೆ ಸಾಕೆಂದು ಒಬ್ಬರು, ಯೋಗ ಮಾಡಿಸಿ ಎಂದು ಇನ್ನೊಬ್ಬರು, ತೈ ಚಿ (ನಿಧಾನ ಚಲನೆಗಳ ಚೀನೀ ವ್ಯಾಯಾಮ), ಬಾಕ್ಸಿಂಗ್ ಎಂದು ಮತ್ತೊಬ್ಬರು ಹೇಳುತ್ತಿರುವುದರಿಂದ ನನಗೆ ಗೊಂದಲವಾಗಿದೆ. ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಯಾವುದನ್ನು ಆರಿಸಲಿ?

ಉತ್ತರ 1 (ಫಿಸಿಯೋಥೆರಪಿಸ್ಟ್):
ಒಂದನ್ನೇ ಆರಿಸಬೇಕೆಂಬ ಷರತ್ತನ್ನು ದಯವಿಟ್ಟು ಮೊದಲು ಬಿಟ್ಟುಬಿಡಿ. ಯಾವ ವ್ಯಾಯಾಮ ಶ್ರೇಷ್ಠ ಎಂಬುದಕ್ಕಿಂತ ನಿಮ್ಮ ತಂದೆಯವರನ್ನು ಈಗ ಹೆಚ್ಚು ಕಾಡುತ್ತಿರುವ ತೊಂದರೆ ಯಾವುದು ಎಂದು ಕೇಳಿಕೊಳ್ಳುವುದು ಮೇಲು. ನೀವು ಬರೆದಿರುವುದನ್ನು ನೋಡಿದರೆ ಅದು ನಡುಕವಲ್ಲ, ತಿರುಗುವುದು ಮತ್ತು ಸಮತೋಲನ. ನೇರ ದಾರಿಯಲ್ಲಿ ಒಂದು ಗಂಟೆ ನಡೆದು ಬಂದರೂ ತಿರುಗುವ ಅಭ್ಯಾಸ ಆಗುವುದಿಲ್ಲ. ಆದ್ದರಿಂದ ನಡಿಗೆ ಒಳ್ಳೆಯದಾದರೂ ಅದೊಂದೇ ಸಾಲದು.

ಉಸಿರು ಏರುವಂಥ ವ್ಯಾಯಾಮದ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಅಧ್ಯಯನದಲ್ಲಿ, ಇನ್ನೂ ಔಷಧ ಆರಂಭಿಸದ 128 ರೋಗಿಗಳ ಪೈಕಿ ಒಂದು ಗುಂಪಿನವರಿಗೆ ಗರಿಷ್ಠ ಹೃದಯ ಬಡಿತದ 80ರಿಂದ 85 ಶೇಕಡದಷ್ಟು ತೀವ್ರತೆಯಲ್ಲಿ ವಾರಕ್ಕೆ ನಾಲ್ಕು ದಿನ ಟ್ರೆಡ್‌ಮಿಲ್ ಮೇಲೆ ನಡೆಯುವ ಗುರಿ ಕೊಡಲಾಗಿತ್ತು. ಆರು ತಿಂಗಳ ನಂತರ ಚಲನೆಯ ತೊಂದರೆಯನ್ನು ಅಳೆಯುವ ಅಂಕ ಈ ಗುಂಪಿನಲ್ಲಿ 0.3ರಷ್ಟು ಮಾತ್ರ ಏರಿದ್ದರೆ, ಎಂದಿನಂತೆ ಇದ್ದವರಲ್ಲಿ 3.2ರಷ್ಟು ಏರಿತ್ತು. ಮಧ್ಯಮ ತೀವ್ರತೆಯ ಗುಂಪಿನಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಹಾಗೆಂದು ನಿಮ್ಮ ತಂದೆಯವರನ್ನು ನಾಳೆಯೇ ಟ್ರೆಡ್‌ಮಿಲ್ ಹತ್ತಿಸಬೇಡಿ. ಬಿದ್ದ ಇತಿಹಾಸವಿದೆ, ಮೊದಲು ಹೃದಯದ ತಪಾಸಣೆಯಾಗಲಿ, ಮಲಗಿದ್ದಾಗಿನ ಮತ್ತು ಎದ್ದು ನಿಂತಾಗಿನ ರಕ್ತದೊತ್ತಡವನ್ನೂ ಅಳೆಯಿಸಿ, ಏಕೆಂದರೆ ಈ ಕಾಯಿಲೆಯಲ್ಲಿ ನಿಂತೊಡನೆ ಒತ್ತಡ ಕುಸಿಯುವುದು ಸಾಮಾನ್ಯ. ಕೆಲವರಲ್ಲಿ ಎಷ್ಟು ಶ್ರಮಪಟ್ಟರೂ ನಾಡಿ ತಕ್ಕಷ್ಟು ಏರುವುದಿಲ್ಲ. ಅಂಥವರು ನಾಡಿಯನ್ನು ನಂಬುವ ಬದಲು, ಒಂದೇ ಉಸಿರಿನಲ್ಲಿ ನಾಲ್ಕೈದು ಪದಗಳಿಗಿಂತ ಹೆಚ್ಚು ಆಡಲಾಗದಂತಾದರೆ ತೀವ್ರತೆ ಸಾಕಷ್ಟಾಗಿದೆ ಎಂದು ತಿಳಿಯಬಹುದು.

ಸಮತೋಲನಕ್ಕೆ ತೈ ಚಿ ಒಳ್ಳೆಯ ಆಯ್ಕೆ. 2012ರಲ್ಲಿ ಪ್ರಕಟವಾದ, 195 ಜನರ ಅಧ್ಯಯನದಲ್ಲಿ ವಾರಕ್ಕೆ ಎರಡು ಬಾರಿಯಂತೆ 24 ವಾರ ತೈ ಚಿ ಮಾಡಿದವರು, ಕೇವಲ ಸ್ನಾಯು ಎಳೆತದ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಿದ್ದರು. ಇದರ ಜೊತೆಗೆ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು ಕೊಟ್ಟು, ಸ್ನಾಯುಬಲದ ವ್ಯಾಯಾಮವೂ ಇರಲಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೇ ಒಳ್ಳೆಯ ಆರಂಭ.

ಉತ್ತರ 2:
ನಾನು ಒಂಬತ್ತು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಇದ್ದೇನೆ. ಕಾಲು ಅಂಟಿಕೊಳ್ಳುವುದು ನನಗೂ ಇದೆ. ಇದರಲ್ಲಿ ವಿಚಿತ್ರವೆಂದರೆ, ನಾಲ್ಕು ಹೆಜ್ಜೆ ನಡೆಯಲಾಗದ ಗಳಿಗೆಯಲ್ಲೂ ಸೈಕಲ್ ತುಳಿಯಲು ಆಗುತ್ತದೆ. ಇದು ನನ್ನೊಬ್ಬನ ಅನುಭವವಲ್ಲ; ನಡೆಯಲು ತೀವ್ರವಾಗಿ ಕಷ್ಟಪಡುತ್ತಿದ್ದ ರೋಗಿಯೊಬ್ಬರು ಸರಾಗವಾಗಿ ಸೈಕಲ್ ಓಡಿಸುತ್ತಿದ್ದುದನ್ನು ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ವರದಿ ಮಾಡಿದ್ದಾರೆ. ಅದೇ ದೇಶದಲ್ಲಿ 130 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಮನೆಯಲ್ಲೇ ನಿಂತ ಸೈಕಲ್ (ಮುಂದಕ್ಕೆ ಚಲಿಸದ, ವ್ಯಾಯಾಮದ ಸೈಕಲ್) ತುಳಿದವರ ಚಲನೆಯ ಅಂಕ ಎಳೆತದ ವ್ಯಾಯಾಮ ಮಾಡಿದವರ ಅಂಕಕ್ಕಿಂತ ಉತ್ತಮವಾಗಿತ್ತು. ಬೀಳುವ ಭಯವಿರುವ ನಿಮ್ಮ ತಂದೆಯವರಿಗೆ ಟ್ರೆಡ್‌ಮಿಲ್‌ಗಿಂತ ನಿಂತ ಸೈಕಲ್ಲೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ತಿರುಗುವುದನ್ನು ಪ್ರತ್ಯೇಕವಾಗಿ ಕಲಿಯಬೇಕು. ನಿಂತಲ್ಲೇ ಗಿರಕ್ಕನೆ ತಿರುಗುವುದನ್ನು ಬಿಟ್ಟು, ಒಂದು, ಎರಡು ಎಂದು ಎಣಿಸುತ್ತ, ಮೊಣಕಾಲು ಎತ್ತೆತ್ತಿ ಹೆಜ್ಜೆಯಿಟ್ಟು, ಅಗಲವಾದ ಸುತ್ತು ಹಾಕಿ ತಿರುಗಬೇಕು. ಬಾಗಿಲ ಬಳಿ ನೆಲಕ್ಕೆ ಬಣ್ಣದ ಟೇಪನ್ನು ಅಡ್ಡಡ್ಡವಾಗಿ ಅಂಟಿಸಿದರೆ, ಆ ಗೆರೆಗಳನ್ನು ದಾಟುವ ನೆಪದಲ್ಲಿ ಕಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ತಾಳಕ್ಕೆ ಸರಿಯಾಗಿ ಹೆಜ್ಜೆಯಿಡುವುದೂ ಹಾಗೆಯೇ. ಕಾಲು ನಿಂತಾಗ ಹಿಂದಿನಿಂದ ತಳ್ಳುವುದು, ಕೈ ಹಿಡಿದು ಎಳೆಯುವುದು, "ಬೇಗ, ಬೇಗ" ಎನ್ನುವುದು ಮಾತ್ರ ಬೇಡ. ಅದರಿಂದ ಇನ್ನಷ್ಟು ಬಿಗಿಯುತ್ತದೆ. ನನ್ನ ಮನೆಯವರಿಗೆ ಇದನ್ನು ಅರ್ಥಮಾಡಿಸಲು ಎರಡು ವರ್ಷ ಬೇಕಾಯಿತು.

ಹೊತ್ತನ್ನೂ ನೋಡಿಕೊಳ್ಳಿ. ಮಾತ್ರೆ ಕೆಲಸ ಮಾಡುತ್ತಿರುವ ವೇಳೆಯಲ್ಲೇ, ನನ್ನ ಮಟ್ಟಿಗೆ ನುಂಗಿದ ಸುಮಾರು ಒಂದು ಗಂಟೆಯ ನಂತರ, ವ್ಯಾಯಾಮ ಮಾಡಿದರೆ ಹಿತ. ಈಜುವ ಆಸೆಯಿದ್ದರೆ ಒಬ್ಬರನ್ನೇ ನೀರಿಗಿಳಿಯಲು ಬಿಡಬೇಡಿ. ಹಿಂದೆ ಚೆನ್ನಾಗಿ ಈಜುತ್ತಿದ್ದವರಿಗೂ ಈ ಕಾಯಿಲೆಯಲ್ಲಿ ಕೈಕಾಲುಗಳ ಹೊಂದಾಣಿಕೆ ತಪ್ಪಬಹುದು.

ಉತ್ತರ 3:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ತೀವ್ರತೆಯ ಲೆಕ್ಕಾಚಾರದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ನನ್ನ ಪತ್ನಿಗೆ ಸೈಕಲ್ ತಂದುಕೊಟ್ಟೆ. ಮೂರು ವಾರ ತುಳಿದರು, ಆಮೇಲೆ ಅದರ ಮೇಲೆ ಬಟ್ಟೆ ಒಣಗಿತು. ಅದನ್ನು ನಾನು ಸೋಮಾರಿತನವೆಂದು ತಿಳಿದು ಗದರಿದ್ದೂ ಉಂಟು. ಉತ್ಸಾಹ ಕುಗ್ಗುವುದು, ಖಿನ್ನತೆ ಇವು ಕಾಯಿಲೆಯದೇ ಲಕ್ಷಣಗಳು, ನಡುಕದಷ್ಟೇ ನಿಜವಾದವು ಎಂದು ನರರೋಗ ತಜ್ಞರು ಹೇಳಿದ ಮೇಲೆ ನನಗೆ ಬುದ್ಧಿ ಬಂತು. ಈಗ ಅವರು ವಾರಕ್ಕೆ ಎರಡು ದಿನ ಗುಂಪಿನಲ್ಲಿ ನೃತ್ಯ ಮಾಡುತ್ತಾರೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡವು 2001ರಲ್ಲೇ ಪಾರ್ಕಿನ್ಸನ್ ರೋಗಿಗಳಿಗಾಗಿ ಇಂಥ ತರಗತಿಗಳನ್ನು ಆರಂಭಿಸಿತ್ತು. ಟ್ಯಾಂಗೋದಂಥ ನೃತ್ಯದಲ್ಲಿ ಹಿಂದಕ್ಕೆ ಹೆಜ್ಜೆಯಿಡುವುದು, ನಿಂತು ಮತ್ತೆ ಹೊರಡುವುದು, ತಿರುಗುವುದು ಎಲ್ಲವೂ ಇರುವುದರಿಂದ, ನಿಮ್ಮ ತಂದೆಯವರಿಗೆ ಬೇಕಾದದ್ದು ಅದರಲ್ಲೇ ಸಿಗುತ್ತದೆ. ಅವರಿಗೆ ನೃತ್ಯ ಇಷ್ಟವಿಲ್ಲದಿರಬಹುದು. ಬಾಕ್ಸಿಂಗ್ ಆದರೂ ಸರಿ. ಅಲ್ಲಿ ಎದುರಾಳಿ ಇರುವುದಿಲ್ಲ, ಚೀಲಕ್ಕೆ ಗುದ್ದುವುದಷ್ಟೇ. ಯಾವುದಕ್ಕೆ ಅವರು ತಾವಾಗಿ ಶೂ ಹಾಕಿಕೊಂಡು ಹೊರಡುತ್ತಾರೋ ಅದನ್ನು ಆರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಟೇಪನ್ನು ನಿನ್ನೆಯೇ ಅಂಟಿಸಿದೆ. ಅಪ್ಪ ಮೊದಲು ನಕ್ಕರು, ಆಮೇಲೆ ಎರಡು ಬಾರಿ ನಿಲ್ಲದೆ ದಾಟಿದರು. ಹೃದಯದ ತಪಾಸಣೆಯಾದ ಮೇಲೆ ಸೈಕಲ್ ಕೊಳ್ಳುವ ಯೋಚನೆಯಿದೆ. ಒರಗಿ ಕುಳಿತು ತುಳಿಯುವುದು ಒಳ್ಳೆಯದೋ, ಸಾಮಾನ್ಯ ಸೈಕಲ್‌ನಂತೆ ಇರುವುದೋ?

ಉತ್ತರ 1 (ಫಿಸಿಯೋಥೆರಪಿಸ್ಟ್):
ಒರಗುವ ಆಸನದ್ದೇ ಇರಲಿ. ಕಾಲನ್ನು ಎತ್ತರಕ್ಕೆ ಎತ್ತಿ ದಾಟಿಸಬೇಕಾಗಿಲ್ಲ, ಹತ್ತುವಾಗ ಇಳಿಯುವಾಗ ಬೀಳುವ ಅಪಾಯವೂ ಕಡಿಮೆ. ಪೆಡಲ್‌ಗೆ ಪಾದ ಜಾರದಂತೆ ಪಟ್ಟಿ ಇದೆಯೇ ಎಂದು ನೋಡಿಕೊಳ್ಳಿ. ಮೊದಲ ಎರಡು ವಾರ ಹತ್ತು ನಿಮಿಷದಷ್ಟೇ ಸಾಕು, ನಂತರ ನಿಧಾನವಾಗಿ ಅರ್ಧ ಗಂಟೆಗೆ ಏರಿಸಿ; ಇಳಿದ ಕೂಡಲೇ ನಡೆಯದೆ ಒಂದು ನಿಮಿಷ ಏನನ್ನಾದರೂ ಹಿಡಿದು ನಿಲ್ಲಲು ಹೇಳಿ.