ಸಹಾಯ ಬೇಕು: ಬಂದರಿನ ನಮ್ಮ ಹಳೆಯ ಫುಟ್‌ಬಾಲ್ ತಂಡದ ಫೋಟೊ ಯಾರ ಬಳಿಯಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಮಂಗಳೂರು ಬಂದರಿನ ಹುಡುಗರ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದರು. 1970ರ ದಶಕದ ಮಾತು. ಆಟವೆಲ್ಲ ನೆಹರೂ ಮೈದಾನದಲ್ಲಿ. ಅಪ್ಪ ಈಗಲೂ ಅದನ್ನು ಸೆಂಟ್ರಲ್ ಮೈದಾನ ಅಂತಲೇ ಕರೆಯುತ್ತಾರೆ. ಮಳೆಗಾಲದಲ್ಲಿ ಮೊಣಕಾಲವರೆಗೆ ಕೆಸರು, ಹೆಚ್ಚಿನವರಿಗೆ ಬೂಟೂ ಇರಲಿಲ್ಲ. ಆದರೂ ಕೊಡೆ ಹಿಡಿದು ಜನ ಸುತ್ತ ನಿಲ್ಲುತ್ತಿದ್ದರಂತೆ. ಗೆದ್ದ ದಿನ ಸ್ಟೇಟ್ ಬ್ಯಾಂಕ್ ಹತ್ತಿರ ಎಲ್ಲರಿಗೂ ಚರುಮುರಿ! ಆಗ ನಮ್ಮ ರಾಜ್ಯ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದು ಜಾಸ್ತಿ ವರ್ಷ ಆಗಿರಲಿಲ್ಲ. ಊರಿನ ಹುಡುಗರಿಗೆಲ್ಲ ಚೆಂಡಿನದೇ ಹುಚ್ಚು. ಮುಂದೆ ಆ ಟ್ರೋಫಿ ಮತ್ತೆ ಬರಲು 2023ರವರೆಗೆ, 54 ವರ್ಷ ಕಾಯಬೇಕಾಯಿತು. ಆ ಫೈನಲ್ ನೋಡುತ್ತಾ ಅಪ್ಪ ಅತ್ತುಬಿಟ್ಟರು.

ಮನೆಗೆ ನೀರು ನುಗ್ಗಿ ನಮ್ಮ ಫೋಟೊಗಳೆಲ್ಲ ಹಾಳಾಗಿವೆ. ನಿಮ್ಮ ತಂದೆ, ಮಾವ, ಅಜ್ಜ ಯಾರಾದರೂ ಆ ಕಾಲದಲ್ಲಿ ಅಲ್ಲಿ ಆಡಿದ್ದರೆ ದಯವಿಟ್ಟು ಹಳೆಯ ಆಲ್ಬಮ್ ಒಮ್ಮೆ ತೆಗೆದು ನೋಡಿ. ತಂಡದ ಫೋಟೊ, ಪಂದ್ಯದ ನೋಟಿಸು, ಪೇಪರ್ ತುಂಡು, ಏನಾದರೂ ಸರಿ. ಮಸುಕಾಗಿದ್ದರೂ ಪರವಾಗಿಲ್ಲ, ಮೊಬೈಲಿನಲ್ಲಿ ತೆಗೆದು ಕಳಿಸಿದರೆ ಸಾಕು. ಅಪ್ಪನ ಜೊತೆ ಆಡಿದವರು ಯಾರಾದರೂ ಸಿಕ್ಕರಂತೂ ನಾನೇ ಅಪ್ಪನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ.