ಸಹಾಯ ಬೇಕು: ಹುಳುಕಡ್ಡಿ ಮನೆಮಂದಿಗೆಲ್ಲ ಹರಡದ ಹಾಗೆ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ ಆಗಿದೆ. ಉಂಗುರದ ಹಾಗೆ ಕೆಂಪು ಅಂಚು, ಅದರ ಮೇಲೆ ಸಣ್ಣ ಹೊಟ್ಟು, ಬೆವರಿದರೆ ತಡೆಯಲಾಗದ ತುರಿಕೆ. ಈಗ ಮಗನ ಕುತ್ತಿಗೆಯಲ್ಲೂ ಅಂಥದ್ದೇ ಒಂದು ಕಾಣಿಸಿದೆ. ಡಾಕ್ಟರ್ ಇಬ್ಬರಿಗೂ ಮುಲಾಮು ಕೊಟ್ಟಿದ್ದಾರೆ. ಕಲೆ ಹೋದ ಮೇಲೂ ಹೇಳಿದಷ್ಟು ದಿನ ಹಚ್ಚಲೇಬೇಕಂತೆ. ಸ್ಟೀರಾಯ್ಡ್ ಬೆರೆತ ಕ್ರೀಮ್ ಮುಟ್ಟಲೇಬಾರದು, ತುರಿಕೆ ಇಳಿದ ಹಾಗೆ ಕಂಡರೂ ಫಂಗಸ್ ಹರಡುತ್ತಲೇ ಇರುತ್ತದೆ ಅಂದರು. ಹಾಗಾಗಿ ಔಷಧಿ ಹೆಸರು ದಯವಿಟ್ಟು ಬೇಡ.

ನನಗೆ ಬೇಕಿರುವುದು ಮನೆ ಕಡೆಯ ಉಪಾಯ. ಟವೆಲ್, ಬಾಚಣಿಗೆ ಬೇರೆ ಮಾಡಿದ್ದೇನೆ. ಬಟ್ಟೆಯನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯುತ್ತಿದ್ದೇನೆ. ಆದರೆ ಒಳಉಡುಪಿನ ಎಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದು ಬೇಗ ಒಣಗುವುದೇ ಇಲ್ಲ! ಮುಟ್ಟಿದರೆ ಒಳಗೆ ಇನ್ನೂ ತಣ್ಣಗೆ. ಬಿಸಿಲಿಲ್ಲದ ದಿನ ನೀವೇನು ಮಾಡುತ್ತೀರಿ? ಇಸ್ತ್ರಿ ಹಾಕಿದರೆ ಸಾಕಾ? ಹಾಸಿಗೆಯ ಬಟ್ಟೆ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ನಮ್ಮ ಬೆಕ್ಕಿಗೆ ಕಿವಿ ಹತ್ತಿರ ಕೂದಲು ಉದುರಿದೆ. ಅದರಿಂದಲೂ ಬರುತ್ತದೆ ಅಲ್ವಾ? ಅದನ್ನೂ ಪಶುವೈದ್ಯರಿಗೆ ತೋರಿಸುತ್ತೇನೆ.

ಬೆಳ್ಳುಳ್ಳಿ ಅರೆದು ಹಚ್ಚಿ ಅನ್ನುವವರು ಸುಮ್ನೆ ಇರಿ, ಚರ್ಮ ಸುಟ್ಟೀತು. ಮನೆಯಿಂದ ಇದನ್ನು ಪೂರ್ತಿ ಓಡಿಸಿದವರಿದ್ದರೆ ಹೇಳಿ.