ಅಪ್‌ಡೇಟ್: ಕಂಪ್ಯೂಟರ್ ಲ್ಯಾಬ್ ರಿಪೋರ್ಟಿನ ಕೆಂಪು ಯಾಕೆ ಅಂತ ಗೊತ್ತಾಯಿತು

ಹೋದ ವಾರ ಕೇಳಿದ್ದೆ: ಕಲಬುರಗಿಯ ನಮ್ಮ ಕಾಲೇಜು ಲ್ಯಾಬಿನ 40 ಕಂಪ್ಯೂಟರ್‌ಗಳನ್ನು ಆನ್ಸಿಬಲ್‌ನಲ್ಲಿ (ಎಲ್ಲಾ ಮಷಿನ್‌ಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ನೋಡಿ ಸರಿಮಾಡುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತೇನೆ, ದಿನಾ ಬೆಳಿಗ್ಗೆ ಅದರ ರಿಪೋರ್ಟಿನಲ್ಲಿ ಆರೇಳು ಮಷಿನ್ ಕೆಂಪಗೆ ಬರುತ್ತವೆ, ಹೋಗಿ ನೋಡಿದರೆ ಸೆಟ್ಟಿಂಗ್ ಎಲ್ಲಾ ಸರಿ ಇರುತ್ತೆ, ಯಾಕೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆನ್ಸಿಬಲ್‌ನಲ್ಲಿ ಕೆಲಸ ಫೇಲ್ ಆದರೂ ಕೆಂಪು, ಮಷಿನ್ ಸಂಪರ್ಕಕ್ಕೆ ಸಿಗದಿದ್ದರೂ ಕೆಂಪೇ. ನಮ್ಮದು ಎರಡನೆಯದು. ಕೊನೆ ಸಾಲಿನ ಸ್ವಿಚ್ಚನ್ನು ಸಂಜೆ ಯಾರೋ ಆರಿಸಿ ಹೋಗುತ್ತಿದ್ದರು! ಆರಿಸಿಟ್ಟ ಮಷಿನ್‌ನ ಸೆಟ್ಟಿಂಗ್ ತಪ್ಪಿದೆ ಅನ್ನೋಕಾಗಲ್ಲ, ಅಲ್ವಾ? ಆನ್ಸಿಬಲ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಕಲರ್ಸ್ ಭಾಗದಲ್ಲಿ ಸಂಪರ್ಕಕ್ಕೆ ಸಿಗದ ಮಷಿನ್‌ಗೆ ಬೂದು ಬಣ್ಣ ಕೊಟ್ಟೆ.

ನಾನು ನಿಜವಾಗಿ ನೋಡಬೇಕಿದ್ದದ್ದು ಹಳದಿ. ಮಾಮೂಲಿಯಾಗಿ ಓಡಿಸಿದಾಗ ಹಳದಿ ಅಂದರೆ ಏನೋ ಬದಲಾಯಿಸಿದೆ ಅಂತ. ಚೆಕ್ ಮೋಡ್‌ನಲ್ಲಿ ಓಡಿಸಿದರೆ ಏನೂ ಮುಟ್ಟುವುದಿಲ್ಲ, ಬದಲಾಯಿಸಬೇಕಾದದ್ದು ಇದೆ ಅಂತ ಮಾತ್ರ ಹೇಳುತ್ತದೆ. ಹಾಗೆ ಓಡಿಸಿದಾಗ 23ನೇ ಮಷಿನ್ ಹಳದಿ ಬಂತು. ಗಡಿಯಾರ ಸರಿಯಾಗಿಡುವ ಟೈಮ್ ಸರ್ವರಿನ ಸಾಲನ್ನೇ ಅದರ ಸೆಟ್ಟಿಂಗ್ ಫೈಲಿನಿಂದ ಯಾರೋ ಅಳಿಸಿದ್ದರು. ಹಳದಿ ಅಂತ ಇಷ್ಟು ದಿನ ಅದನ್ನು ಬಿಟ್ಟುಬಿಡುತ್ತಿದ್ದೆ.

ಇನ್ನೊಂದು ವಿಷಯ. ನಮ್ಮ ಲ್ಯಾಬ್ ಅಸಿಸ್ಟೆಂಟ್ ಅಣ್ಣನಿಗೆ ಕೆಂಪು-ಹಸಿರಿನ ವ್ಯತ್ಯಾಸ ಕಾಣುವುದಿಲ್ಲವಂತೆ. ಎರಡು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ, ಬಹಳ ಬೇಜಾರಾಯಿತು. ಈಗ ಗೋಡೆಯ ಸ್ಕ್ರೀನ್‌ನಲ್ಲಿ ಪ್ರತಿ ಬಣ್ಣದ ಪಕ್ಕ ‘ಸರಿ’, ‘ಬದಲಾಗಿದೆ’, ‘ಫೇಲ್’, ‘ಸಿಗಲಿಲ್ಲ’ ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ನಿನ್ನೆ ಅವರೇ ನನಗಿಂತ ಮೊದಲು ನೋಡಿ, “ಸರ್, 23 ಮತ್ತ ಬದಲಾಗ್ಯದ ನೋಡ್ರಿ” ಅಂದರು.